ಏಡಿ ಕೊರೆದ ಬದು

ಫೆಬ್ರವರಿ 11

ಇವತ್ತೂ ಬಕೆಟ್ ಓರೆ. ಬೋರಲು ಹಾಕಿ ಕೆಸರಿಗೆ ಒತ್ತಿದರೆ ಒಂದು ಕಡೆಯಿಂದ ಏಳುತ್ತದೆ, ಗಾಳಿ ಸೋರಿಹೋಗುತ್ತದೆ. ಮೂರನೇ ಸಲಕ್ಕೆ ಕೂತಿತು. ತಳದ ರಬ್ಬರ್ ಬಿರಡೆಗೆ ಸಿರಿಂಜ್ ಚುಚ್ಚಿ, ಒಳಗಿನ ಗಾಳಿ ಎಳೆದು ಸೀಸೆಗೆ ತುಂಬಿದೆ. ಮೇಲಿನ ಗದ್ದೆಯ ಉಜ್ಜಪ್ಪನವರು ಸಲಿಕೆ ಊರಿಕೊಂಡು ನೋಡುತ್ತಿದ್ದರು.

"ಏನ್ರಿ ಮೇಡಂ, ಗದ್ದೆಗೆ ಇಂಜೆಕ್ಷನ್ನಾ?"

"ಇಂಜೆಕ್ಷನ್ ಅಲ್ಲ ಯಜಮಾನ್ರೆ, ರಕ್ತ ಪರೀಕ್ಷೆ."

"ಅದುಕ್ಕೇನ್ ಕಾಯ್ಲೆ ಬಂದೈತಿ?"

ಹೇಳಿದೆ. ನೀರು ನಿಂತ ಕೆಸರಿನೊಳಗೆ ಗಾಳಿ ಹೋಗುವುದಿಲ್ಲ. ಅಲ್ಲಿ ಕೊಳೆತದ್ದು ಮೀಥೇನ್ ಆಗಿ ಮೇಲೆ ಬರುತ್ತದೆ. ಭೂಮಿ ಬಿಸಿಯಾಗುವುದಕ್ಕೆ ಅದೂ ಒಂದು ಕಾರಣ. ಕಾಲಿಟ್ಟಾಗ ಗುಳುಗುಳು ಅನ್ನುತ್ತಲ್ಲ, ಆ ಗುಳ್ಳೆಯೇ. ಅವರು ಒಂದು ಕಾಲಿಟ್ಟರು. ಗುಳುಗುಳು. ಇನ್ನೊಂದು ಕಾಲಿಟ್ಟರು. ಗುಳುಗುಳು.

"ಅಲಲಲಾ... ನನ್ ಗದ್ದಿ ಗುಳ್ಳಿಯಿಂದ ದಿಲ್ಲ್ಯಾಗೆ ಬಿಸ್ಲಾ?"

ನಗು ತಡೆಯಲಾಗಲಿಲ್ಲ. ಆದರೆ ಸುಮಾರಾಗಿ ಅದೇ ಮಾತು. ನನಗೆ ನಾಲ್ಕು ವರ್ಷದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಯಾರೂ ಇಷ್ಟು ಚುಟುಕಾಗಿ ಹೇಳಿರಲಿಲ್ಲ.

ಫೆಬ್ರವರಿ 12, ಸಂಜೆ. ಶಿಕಾರಿಪುರದ ರೂಮು

ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬೊಬ್ಬರ ಫೋಟೋ. ಒಬ್ಬಳು ಸೋಲಾರ್ ಪಾರ್ಕಿನಲ್ಲಿ ಹೆಲ್ಮೆಟ್ ಹಾಕಿಕೊಂಡು. ಒಬ್ಬ ಗಾಳಿಯಂತ್ರದ ತುದಿಯಲ್ಲಿ. "ಸಂಘಮಿತ್ರಾ, ನಿನ್ನ ಸೈಟ್ ತೋರಿಸು" ಅಂದರು. ಕೆಸರು ಮೆತ್ತಿದ ನೀಲಿ ಬಕೆಟ್ಟಿನ ಫೋಟೋ ಹಾಕಿದೆ. ಒಬ್ಬರೂ ಲೈಕ್ ಒತ್ತಿಲ್ಲ. ಹೋಗ್ಲಿ ಬಿಡು.

ನನ್ನ ಯಂತ್ರ ಅಂದರೆ ಒಂದು ಪ್ಲಾಸ್ಟಿಕ್ ಪೈಪು. ಮೊಳದುದ್ದ. ಸುತ್ತ ತೂತು. ಗದ್ದೆಯಲ್ಲಿ ಹೂತರೆ ನೆಲದ ಕೆಳಗೆ ನೀರು ಎಲ್ಲಿದೆ ಅಂತ ಒಳಗೆ ಇಣುಕಿ ನೋಡಬಹುದು. ಮೇಲೆ ನೀರು ಕಾಣದಿದ್ದರೂ ಹೆದರಬೇಕಿಲ್ಲ. ಪೈಪಿನೊಳಗೆ ಒಂದು ಗೇಣಿನ ಹತ್ತಿರ ಇಳಿದ ಮೇಲೆ ನೀರು ಬಿಟ್ಟರೆ ಸಾಕು. ಗದ್ದೆ ಹೀಗೆ ಆಗಾಗ ಆರಿದರೆ ಕೆಸರಿಗೆ ಗಾಳಿ ಸಿಗುತ್ತದೆ, ಮೀಥೇನ್ ಅರ್ಧಕ್ಕಿಳಿಯಬೇಕು. ನೀರೂ ಉಳಿಯುತ್ತದೆ. ಹೂವಿನ ಹೊತ್ತಿನಲ್ಲಿ ಮಾತ್ರ ಆರಿಸಬಾರದು, ನೀರು ನಿಂತೇ ಇರಬೇಕು.

ಹೇಳುವುದು ಸುಲಭ. ಅಂಜನಾಪುರದ ಕಾಲುವೆ ಕೆಳಗೆ ಯಾರನ್ನು ಕೇಳಿದರೂ ಒಂದೇ ಉತ್ತರ. "ನೀರಿಲ್ಲದ ಗದ್ದಿ ಗದ್ದೀನಾ?" ನಮ್ಮ ಪ್ರಾಜೆಕ್ಟಿನ ಟ್ರಯಲ್‌ಗೆ ಒಪ್ಪಿದ್ದು ಉಜ್ಜಪ್ಪನವರ ಕೆಳಗಿನ ಗದ್ದೆಯ ಲೋಕಮ್ಮ ಒಬ್ಬರೇ. ಗಂಡ ಪುಟ್ಟಪ್ಪ ದೀಪಾವಳಿ ಕಳೆದ ಮೇಲೆ ತೀರಿಕೊಂಡರು. ಹೆಸರಿನಲ್ಲಿರುವುದು ಈ ಒಂದೇ ಎಕರೆ. ಮೈದುನ ಭೀಮಣ್ಣ ಆಗಲೇ ಹೇಳಿಟ್ಟಿದ್ದಾನೆ: "ಈ ಬೆಳೆ ನೋಡಣ. ಆಗ್ಲಿಲ್ಲ ಅಂದ್ರೆ ನಂಗೆ ಕೋರಿಗೆ ಬಿಡು." ಕೋರು ಅಂದರೆ ಅವನು ಉಳುವುದು, ಬಂದದ್ದರಲ್ಲಿ ಇವರಿಗೊಂದು ಪಾಲು. ಹಾಗೆ ಮೈದುನನ ಕೈಗೆ ಹೋದ ಗದ್ದೆ ವಾಪಸ್ ಬರುವುದು ಅಷ್ಟರಲ್ಲೇ ಇದೆ.

"ಮತ್ಯಾಕೆ ಒಪ್ಪಿದ್ರಿ?" ಕೇಳಿದೆ.

"ನೀರು ಕಮ್ಮಿ ಸಾಕು ಅಂದ್ರೆಲ್ಲ. ಒಬ್ಳೇ ಹೆಂಗ್ಸು ಕಾಲುವೆ ಮ್ಯಾಲೆ ಎಷ್ಟ್ ಸಲ ಹೋಗಿ ಜಗಳಾಡ್ಲಿ? ಬೆಳೆ ಕಮ್ಮಿ ಆಗಲ್ಲ ತಾನೆ?"

"ಆಗಲ್ಲ."

ಹೇಳಿಬಿಟ್ಟೆ. ನನ್ನ ಬಾಯಿ!

ಫೆಬ್ರವರಿ 19

ವಿಚಿತ್ರ. ನೀರಿನ ಪಾಳಿಗೆ ಇನ್ನೂ ನಾಲ್ಕು ದಿನ ಇದೆ. ಮಳೆ ಹನಿಯಿಲ್ಲ. ಮೊನ್ನೆ ಪೈಪಿನೊಳಗೆ ನಾಲ್ಕು ಬೆರಳು ಇಳಿದಿತ್ತು, ಇವತ್ತು ಗದ್ದೆ ತುಂಬ ನೀರು. ಎಲ್ಲಿಂದ?

ಲೋಕಮ್ಮನನ್ನು ಕೇಳಿದೆ. ಕಳೆ ಕೀಳುತ್ತಿದ್ದವರು ತಲೆ ಎತ್ತಲಿಲ್ಲ.

"ಏಡಿ ತೂತು ಇರ್ಬೇಕು ತಗಳ್ರಿ."

ಹೌದಲ್ಲ. ಮೇಲಿನ ಗದ್ದೆಯಲ್ಲಿ ಸದಾ ನೀರು. ಬದುವಿನಲ್ಲಿ ಏಡಿ ಕೊರೆದಿದ್ದರೆ ಇಲ್ಲಿಗೆ ಸೋರುತ್ತದೆ. ನಾನು ಇದನ್ನು ಯೋಚಿಸಲೇ ಇಲ್ಲ. ನಾಳೆ ಹುಡುಕಬೇಕು.

ಫೆಬ್ರವರಿ 20

ತೂತುಗಳು ಸಿಕ್ಕವು! ಒಂದಲ್ಲ, ಸಾಲು ಸಾಲು. ಹುಲ್ಲು ಕೆಸರು ಕಲಸಿ ಒಂದೊಂದನ್ನೇ ಮುಚ್ಚಿದೆ. ಒಂದರಲ್ಲಿ ಏಡಿ ಯಜಮಾನರು ಮನೆಯಲ್ಲೇ ಇದ್ದರು, ಬೆರಳು ಕಚ್ಚಿ ಹಿಡಿದುಕೊಂಡರು. ಕೂಗಿದ್ದಕ್ಕೆ ಆಚೆ ರಸ್ತೆಯ ಬೈಕು ನಿಂತಿತು. ಉಜ್ಜಪ್ಪನವರು ಓಡಿಬಂದು ಬಿಡಿಸಿದರು. "ಅದೂ ರಕ್ತ ಪರೀಕ್ಷೆ ಮಾಡ್ತೈತಿ ನೋಡ್ರಿ" ಅಂದರು. ಬೆರಳು ಊದಿದೆ. ಆದರೂ ಖುಷಿ. ಸೋರಿಕೆ ಬಂದ್.

ಫೆಬ್ರವರಿ 26

ಬಂದ್ ಆಗಿಲ್ಲ! ಪಾಳಿಯ ನೀರನ್ನು ನಾವು ಒಳಗೆ ಬಿಟ್ಟಿರಲಿಲ್ಲ, ಆದರೂ ಮತ್ತೆ ತುಂಬಿದೆ.

ಅಂಗಡಿಗೆ ಹೋಗಿ ಬಟ್ಟೆಗೆ ಹಾಕುವ ನೀಲಿ ತಂದೆ. ಮೇಲಿನ ಗದ್ದೆಯಲ್ಲಿ ಬದುವಿನ ಉದ್ದಕ್ಕೂ ಸುರಿದೆ. ಎಲ್ಲಿ ಸೋರುತ್ತದೋ ಈಚೆ ಅಲ್ಲಿ ನೀಲಿ ಗೆರೆ ಕಾಣಬೇಕು. ಉಜ್ಜಪ್ಪನವರಿಗೆ ಮೊದಲೇ ಕೇಳಿದ್ದೆ. "ಹಾಕ್ರಿ ಹಾಕ್ರಿ, ಬರ ಸೋಮಾರ ನನ್ ಪಂಚೆನೂ ಇಲ್ಲೇ ಒಗೀತೀನಿ" ಅಂದರು. ಈ ಮನುಷ್ಯನ ಜೊತೆ ಮಾತಾಡುವುದೇ ಒಂದು ಸುಖ.

ಫೆಬ್ರವರಿ 27, ಬೆಳಗ್ಗೆ

ಗೆರೆ ಇಲ್ಲ. ಲೋಕಮ್ಮನ ಗದ್ದೆಯ ಒಂದು ಮೂಲೆಯ ನೀರೆಲ್ಲ ತಿಳಿನೀಲಿ. ಅಂದರೆ ಒಂದೇ ಕಡೆಯಿಂದ ಜೋರಾಗಿ ಬಂದಿದೆ. ಸೋರಿದ್ದಲ್ಲ, ಬಿಟ್ಟದ್ದು. ಬದುವಿನಲ್ಲಿ ಹಸಿ ಮಣ್ಣಿನ ತೇಪೆ, ಅದರ ಮೇಲೆ ಸಲಿಕೆಯ ಗುರುತು.

ಏಡಿ ಸಲಿಕೆ ಹಿಡಿಯುವುದಿಲ್ಲ.

ಯಾರು? ಯಾಕೆ? ತಲೆಯಲ್ಲಿ ಬೇರೇನೂ ಓಡುತ್ತಿಲ್ಲ. ಲೋಕಮ್ಮನಿಗೆ ಹೇಳಿದರೆ "ಬಿಡ್ರಿ ಮೇಡಂ, ಏಡಿ ತೂತೇ ಇರ್ಬೇಕು" ಅಂತ ಮತ್ತೆ ಅದೇ. ಇವರಿಗೇನಾಗಿದೆ?

ಮಾರ್ಚ್ 3

ಸೀಸೆಗಳ ರಿಸಲ್ಟ್ ಬಂತು. ಲೋಕಮ್ಮನ ಗದ್ದೆಯ ಮೀಥೇನ್, ಉಜ್ಜಪ್ಪನವರ ಗದ್ದೆಯ ಮೀಥೇನ್, ಹೆಚ್ಚುಕಮ್ಮಿ ಒಂದೇ. ಆಗದೆ ಇನ್ನೇನು? ನೀರು ಇಳಿಯಲು ಬಿಟ್ಟರೆ ತಾನೆ. ಉಜ್ಜಪ್ಪನವರದು ಹೋಲಿಕೆಗೆ ಇಟ್ಟುಕೊಂಡ ಗದ್ದೆ: ಯಾವತ್ತಿನಂತೆ ನೀರು ನಿಲ್ಲಿಸಿದ್ದು. ನಾಟಿ ಮಾತ್ರ ಲೋಕಮ್ಮನದಕ್ಕಿಂತ ಇಪ್ಪತ್ತು ದಿನ ತಡ, ಮೊದಲ ಸಸಿಮಡಿ ಕೆಟ್ಟಿತ್ತಂತೆ.

ಸುರೇಂದ್ರ ಸರ್ ಶಿವಮೊಗ್ಗದಿಂದ ಫೋನ್. ಪ್ರಾಜೆಕ್ಟ್ ನೋಡಿಕೊಳ್ಳುವವರು. ಒಳ್ಳೆಯ ಮನುಷ್ಯ, ಆದರೆ ಗ್ರಾಫ್ ಇಳಿಯದಿದ್ದರೆ ಅವರ ದನಿ ಇಳಿಯುತ್ತದೆ.

"ಸಂಘಮಿತ್ರಾ, ನೀವು ಗದ್ದೆ ಒಣಗಿಸ್ತಾ ಇದೀರೋ, ಕೆರೆ ಕಟ್ತಾ ಇದೀರೋ?"

ಯಾರೋ ನೀರು ಬಿಡುತ್ತಿದ್ದಾರೆ ಅಂದೆ. ಯಾರು ಅಂದರು. ಗೊತ್ತಿಲ್ಲ ಅಂದೆ. "ಇಂಜಿನಿಯರ್ ಆದವರು ಗೊತ್ತಿಲ್ಲ ಅಂತ ಹೇಳಬಹುದು, ಆದರೆ ಎರಡು ಸಲ ಹೇಳಬಾರದು" ಅಂದರು. ಸಿಟ್ಟು ಬಂತು. ಸರಿಯಾಗಿಯೇ ಹೇಳಿದ್ದಾರೆ, ಅದಕ್ಕೇ ಸಿಟ್ಟು.

ಮಾರ್ಚ್ 5, ಬೆಳಗ್ಗೆ ಏಳೂವರೆ

ಸಿಕ್ಕಿಬಿಟ್ಟರು!

ಬೆಳಕು ಹರಿಯುವ ಹೊತ್ತಿಗೆ ಸ್ಕೂಟಿ ರಸ್ತೆಯಲ್ಲೇ ಬಿಟ್ಟು ನಡೆದುಕೊಂಡು ಹೋದೆ. ಹೊಂಗೆ ಮರದ ಕೆಳಗೆ ಕೂತೆ. ಉಜ್ಜಪ್ಪನವರು ಬಂದರು. ಬದು ಕಡಿದರು, ನೀರು ಬಿಟ್ಟರು, ಬೀಡಿ ಹಚ್ಚಿದರು. ತಮ್ಮ ಗದ್ದೆಯ ನೀರನ್ನೇ. ಲೋಕಮ್ಮನ ಪೈರಿನ ಬುಡ ಮುಳುಗುವವರೆಗೆ ನೋಡಿಕೊಂಡು ಮಣ್ಣು ಮುಚ್ಚಿದರು.

ಎದ್ದು ಹೋದೆ. "ಯಜಮಾನ್ರೆ, ನೀವಾ?" ಅವರು ಬೀಡಿ ಕೆಳಗೆ ಹಾಕಿದರು, ಮೇಷ್ಟ್ರ ಕೈಗೆ ಸಿಕ್ಕವರ ಹಾಗೆ.

ನಾನು ಚೆನ್ನಾಗಿಯೇ ಮಾತಾಡಿದೆ. ನಿಮ್ಮದು ದೊಡ್ಡ ಮನಸ್ಸು, ಲೋಕಮ್ಮನ ಪರವಾಗಿ ನಾನು ಥ್ಯಾಂಕ್ಸ್ ಹೇಳ್ತೀನಿ, ಆದರೆ ಇದು ಟ್ರಯಲ್, ದಯವಿಟ್ಟು ಇನ್ನು ಬಿಡಬೇಡಿ. ಕೈ ಮುಗಿದೆ ಕೂಡ. ಅವರು ಸಲಿಕೆ ತೊಳೆದುಕೊಂಡರು.

"ಆತು ಬಿಡ್ರಿ" ಅಂದರು. ಹೋದರು. ತಮಾಷೆ ಇಲ್ಲ, ಏನಿಲ್ಲ.

ಅಂತೂ ಮುಗಿಯಿತು. ಸುರೇಂದ್ರ ಸರ್‌ಗೆ ಮೆಸೇಜ್ ಹಾಕಿದೆ: ಕಾರಣ ಗೊತ್ತಾಯಿತು, ಸರಿಪಡಿಸಿದೆ.

ಅದೇ ದಿನ, ಮಧ್ಯಾಹ್ನ

ಸರಿಪಡಿಸಿಲ್ಲ. ಕೆಡಿಸಿದ್ದೇನೆ.

ಲೋಕಮ್ಮನಿಗೆ ಹೆಮ್ಮೆಯಿಂದ ಹೇಳಿದೆ, ಕಳ್ಳ ಸಿಕ್ಕಿದ ಅಂತ. ರೊಟ್ಟಿ ತಟ್ಟುತ್ತಿದ್ದ ಕೈ ಅಲ್ಲೇ ನಿಂತಿತು.

"ಅವ್ರತ್ರ ಮಾತಾಡಿದ್ರಾ? ಬಾಯಿಬಿಟ್ಟು?"

"ಹೂಂ. ಥ್ಯಾಂಕ್ಸ್ ಹೇಳ್ದೆ."

"ಅಯ್ಯೋ ಶಿವನೇ... ಎಂಥ ಕೆಲ್ಸ ಮಾಡಿದ್ರವ್ವಾ!"

ಆಮೇಲೆ ಹೇಳಿದರು. ಈ ಸಾಲಿನ ಗದ್ದೆಯವರಲ್ಲಿ ಹಿಂದಿನಿಂದ ನಡೆದು ಬಂದದ್ದು. ಸಾವಾದ ಮನೆಯ ಗದ್ದೆಗೆ ಆ ವರ್ಷ ಮೇಲಿನ ಗದ್ದೆಯವರು ನೀರು ನೋಡಿಕೊಳ್ಳುತ್ತಾರೆ. ಹೇಳಿ ಮಾಡುವಂತಿಲ್ಲ. ಇವರು ಕಂಡರೂ ಕಂಡ ಹಾಗಿಲ್ಲ. ನೀರು ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ ಏಡಿ ತೂತು ಅನ್ನಬೇಕು. ಅಷ್ಟೇ.

"ಹೇಳಿದ್ರೆ ಏನಾಗುತ್ತೆ?"

"ಹೇಳಿದ್ಮ್ಯಾಲೆ ಅದು ಉಪಕಾರ ಆತಲ್ಲ. ಉಪಕಾರ ಮಾಡಿದೋರು ಮ್ಯಾಲೆ, ತಗಂಡೋರು ಕೆಳಗೆ. ಹಂಗಾಗ್ಬಾರ್ದು ಅಂತ ತಾನೆ ಯಾರೂ ಬಾಯಿಬಿಡದು?"

"ಮತ್ತೆ ನನಗೆ ಮೊದಲೇ ಹೇಳ್ಬಾರ್ದಿತ್ತಾ ಲೋಕಮ್ಮ? ಟ್ರಯಲ್‌ಗೂ ಹೂಂ ಅಂದ್ರಿ, ಆ ನೀರಿಗೂ ಸುಮ್ನಿದ್ರಿ!"

"ನೀವು ಪೈಪು ನೆಟ್ರಿ. ಅವ್ರು ನೀರು ಬಿಟ್ರು. ಇಬ್ರೂ ನಂಗೋಸ್ಕರನೇ ಮಾಡಿದ್ದು. ಯಾರಿಗೆ ಬ್ಯಾಡ ಅನ್ಲಿ?"

ರೊಟ್ಟಿ ಕೊಟ್ಟರು, ಪುಂಡಿಪಲ್ಯ ಹಾಕಿದರು. ನುಂಗಿದೆ. ತುಂಬ ನಾಚಿಕೆಯಾಯಿತು. ಕುತೂಹಲ ಇರಬೇಕು ನಿಜ, ಆದರೆ ಬಾಯಿಗೂ ಒಂದು ಬಿರಡೆ ಬೇಕಿತ್ತು.

ಮಾರ್ಚ್ 8

ನೀರು ಬಂದಿಲ್ಲ. ಪೈಪಿನೊಳಗೆ ಚೆನ್ನಾಗಿ ಇಳಿಯುತ್ತಿದೆ. ಬೇಕಾದದ್ದೇ ಆಗಿದೆ, ಖುಷಿಯಾಗುತ್ತಿಲ್ಲ. ಉಜ್ಜಪ್ಪನವರು ಬದುವಿನ ಆ ತುದಿಯಿಂದಲೇ ತಿರುಗಿ ಹೋದರು.

ಮಾರ್ಚ್ 19

ಲೋಕಮ್ಮನ ಗದ್ದೆಯಲ್ಲಿ ಕೂದಲೆಳೆ ಬಿರುಕು. ಬಕೆಟ್ ಕೆಳಗೆ ಗುಳ್ಳೆಯೇ ಇಲ್ಲ. ಹೊಸ ರಿಸಲ್ಟ್ ನೋಡಿ ಕುರ್ಚಿಯಿಂದ ಎದ್ದುಬಿಟ್ಟೆ: ಅರ್ಧಕ್ಕಿಂತ ಕಡಿಮೆ! ಈ ಒಂದು ಎಕರೆಯಿಂದ ಆಕಾಶಕ್ಕೆ ಹೋಗುವುದು ಅರ್ಧ ನಿಂತಿತು, ಒಂದು ಪೈಪಿನಿಂದ. ಸುರೇಂದ್ರ ಸರ್ "ವೆರಿ ಗುಡ್" ಅಂತ ಎರಡು ಸಲ ಅಂದರು.

ಕಳೆ ಮಾತ್ರ ಜಾಸ್ತಿ. ನೀರಿನಡಿ ಸುಮ್ಮನಿದ್ದ ಬೀಜಗಳೆಲ್ಲ ಎದ್ದಿವೆ. ಲೋಕಮ್ಮನ ಸೊಂಟ ಬಿದ್ದುಹೋಗಿದೆ. ಇದನ್ನು ವರದಿಯಲ್ಲಿ ಬರೆಯಬೇಕು, ಮುಚ್ಚಿಡಬಾರದು.

ಭೀಮಣ್ಣ ಬಂದಿದ್ದ. ಬಿರುಕಿನೊಳಗೆ ಬೈಕಿನ ಕೀಲಿ ತೂರಿಸಿ ನೋಡಿದ. "ಗದ್ದೆ ಮಾಡು ಅಂದ್ರೆ ಕಣ ಮಾಡಿ ಕುಂತೀಯಲ್ಲ ಅತ್ತಿಗೆ! ಮುಂದಿನ ಬೆಳೆಗೆ ಟ್ರ್ಯಾಕ್ಟರ್ ನಂದೇ ಬರ್ತೈತಿ." ಲೋಕಮ್ಮ ಕಳೆ ಕೀಳುತ್ತಲೇ ಇದ್ದರು. ಅವನು ಹೋದ ಮೇಲೆ ನನ್ನ ಕಡೆ ನೋಡಿದರು. ಮತ್ತೊಂದು ಸಲ "ಆಗಲ್ಲ" ಅಂತ ಹೇಳಲು ನನಗೆ ಧೈರ್ಯ ಬರಲಿಲ್ಲ.

ಒಂದು ಮಾತು ಮರೆತೆ. ಸಂಜೆ ಸ್ಕೂಟಿ ಹತ್ತುವಾಗ ತಿರುಗಿ ನೋಡಿದರೆ ಉಜ್ಜಪ್ಪನವರು ಲೋಕಮ್ಮನ ಗದ್ದೆಗೆ ಇಳಿದಿದ್ದರು. ಪೈಪಿನೊಳಗೆ ಇಣುಕುತ್ತಿದ್ದರು. ಒಂದು ಕಣ್ಣು ಮುಚ್ಚಿಕೊಂಡು.

ಮಾರ್ಚ್ 30. ಯುಗಾದಿ

ಊರಿಗೆ, ಸೊರಬಕ್ಕೆ ಹೋಗಲಿಲ್ಲ. ಅಮ್ಮ ಫೋನಿನಲ್ಲೇ ಬೈದಳು: "ಹಬ್ಬದ ದಿನ ಎಂತದೇ ನಿನ್ನ ಗದ್ದೆ? ಬೇವು-ಬೆಲ್ಲ ತಿಂದ್ಯಾ ಇಲ್ವಾ?" ಲೋಕಮ್ಮನ ಮನೆಯಲ್ಲಿ ತಿಂದೆ. ಸಾವಾದ ವರ್ಷ, ಅವರಿಗೆ ಹಬ್ಬವಿಲ್ಲ. ನನಗೋಸ್ಕರ ಬೆಲ್ಲ ಕುಟ್ಟಿದ್ದರು.

ತೆನೆ ಹೊರಗೆ ಬಂದಿದೆ. ಇನ್ನು ಹೂವು. ನನ್ನ ನಿಯಮ ಇಲ್ಲಿಗೆ ತಿರುಗುತ್ತದೆ: ಇನ್ನು ಗದ್ದೆ ಆರಬಾರದು. ಅದರಲ್ಲೂ ಈ ಬಿಸಿಲು! ಹೂವಿನ ಹೊತ್ತಿಗೆ ಬುಡದಲ್ಲಿ ನೀರಿಲ್ಲದೆ ಮೇಲಿಂದ ಇಷ್ಟು ಕಾವು ಬಿದ್ದರೆ ತೆನೆಯೆಲ್ಲ ಜೊಳ್ಳು. ಪೈಪಿನ ಮೇಲ್ತುದಿಯಲ್ಲಿ ಕೆಂಪು ಬಣ್ಣದಿಂದ ಗೆರೆ ಎಳೆದೆ. ಹೂವು ಮುಗಿಯುವವರೆಗೆ ನೀರು ಇಲ್ಲಿಯತನಕ ಇರಬೇಕು. ಲೋಕಮ್ಮನಿಗೆ ಜೋರಾಗಿ ವಿವರಿಸಿದೆ. ಮೇಲಿನ ಗದ್ದೆಯಲ್ಲಿ ಉಜ್ಜಪ್ಪನವರು ಬೆನ್ನು ಮಾಡಿಕೊಂಡು ಕಳೆ ಕೀಳುತ್ತಿದ್ದರು.

ಏಪ್ರಿಲ್ 3

ಲೋಕಮ್ಮನ ಮಗಳು ಚೈತ್ರಾಗೆ ದಿನ ತುಂಬುವ ಮೊದಲೇ ಹೆರಿಗೆ ನೋವು. ಕೊಟ್ಟಿರುವುದು ಸೊರಬಕ್ಕೆ, ಅಲ್ಲೇ ಆಸ್ಪತ್ರೆ. ಲೋಕಮ್ಮ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದರು. ಕಿಟಕಿಯಿಂದ ಕೂಗಿದರು, "ನೀರು!"

"ನಾನು ನೋಡ್ಕೋತೀನಿ, ನೀವು ಹೋಗಿ."

ಪಾಳಿ ಭಾನುವಾರ. ಅವತ್ತು ಬೆಳಗ್ಗೆಯೇ ಗದ್ದೆಯಲ್ಲಿರಬೇಕು. ಸಲಿಕೆ ತೆಗೆದಿಟ್ಟಿದ್ದೇನೆ. ಕಾಲುವೆಯ ನೀರು ಬಿಡುವ ಸೌಡಿ ಮಾಲತೇಶ್ ನಂಬರೂ ಇದೆ.

ಏಪ್ರಿಲ್ 5, ಶನಿವಾರ. ಸೊರಬ

ಹೆಣ್ಣು ಮಗು. ಚೈತ್ರಾ ಆರಾಮ. ಬೆಳಗ್ಗೆಯೇ ಬಂದೆ. ಅಮ್ಮ ಮೆಂತ್ಯದ ಗಂಜಿ ಮಾಡಿ ಡಬ್ಬಿಗೆ ಹಾಕಿಕೊಂಡು ಆಸ್ಪತ್ರೆಗೆ ತಾನೂ ಹೊರಟಳು, ಪರಿಚಯವಿಲ್ಲದವರ ಬಾಣಂತಿಗೆ! ಮಗುವಿನ ಬೆರಳು ನೋಡುತ್ತಾ ಕೂತೆ. ಅಷ್ಟು ಸಣ್ಣ ಉಗುರು ಹೇಗೆ ಬೆಳೆಯುತ್ತದೆ? ಸಂಜೆ ಬಸ್ಸಿಗೆ ಹೋದರಾಯಿತು ಅಂದುಕೊಂಡಿದ್ದೆ.

ಸಂಜೆ ನಾಲ್ಕಕ್ಕೆ ಮಾಲತೇಶನ ಫೋನ್.

"ಮೇಡಂ, ನೀರು ಇವತ್ತೇ ಬಂತಲ್ರಿ. ನಾಳೆ ಕಾಲುವೆ ರಿಪೇರಿ ಅಂತ ಒಂದಿನ ಮುಂಚೆ ಬಿಟ್ರು, ಅದೂ ಅರ್ಧ ದಿನ. ಈಗ ನಿಂತೋತು. ಬೆಳಗ್ಗಿಂದ ಮಾಡ್ತಿದೀನಿ, ನಿಮ್ ಫೋನ್ ಹತ್ಲಿಲ್ಲ. ಲೋಕಮ್ಮಾರ ಗದ್ದಿ ಬಾಯಿ ತೆಗೆಯಾಕೆ ಯಾರೂ ಇರ್ಲಿಲ್ರಿ."

ಮುಂದಿನ ಪಾಳಿ?

"ಹತ್ತು ದಿನ ಆಗ್ತೈತ್ರಿ."

ಹತ್ತು ದಿನ. ಹೂವಿನ ಹತ್ತು ದಿನ. ನೀರು ಇಳಿಸಿ ಇಳಿಸಿ ಆ ಗದ್ದೆಯನ್ನು ಇಷ್ಟು ದಿನ ಆರಿಸಿದವಳು ನಾನು. ಕೊಡಬೇಕಾದ ಹೊತ್ತಿಗೆ ನೀರು ಕೊಡದವಳೂ ನಾನು.

ಉಜ್ಜಪ್ಪನವರ ನಂಬರ್ ಒತ್ತಿದೆ. ಒಂದು ಮಾತು ಕೇಳಿದರೆ ತಮ್ಮ ಗದ್ದೆಯಿಂದ ಬಿಟ್ಟುಕೊಟ್ಟಾರು. ರಿಂಗ್ ಆಗುವ ಮೊದಲೇ ಲೋಕಮ್ಮ ಫೋನ್ ಕಿತ್ತುಕೊಂಡರು. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ಕೇಳ್ಬ್ಯಾಡ್ರಿ."

"ಲೋಕಮ್ಮ, ಗದ್ದೆ ಹೋಗುತ್ತೆ! ಭೀಮಣ್ಣ ಕಾಯ್ತಾ ಕೂತಿದ್ದಾನೆ!"

"ನಂಗೊತ್ತಿಲ್ವಾ? ಒಂದ್ಸಲ ಬಾಯಿಬಿಟ್ರಿ, ನಿಲ್ಸಿದ್ರು. ಈಗ ಫೋನ್ ಮಾಡಿ ಬೇಡಿದ್ರೆ ಮುಗೀತು. ಕೇಳ್ದೆ ಇದ್ರೆ... ಏನಾರ ಆಗ್ಬೋದು."

"ಆಗದಿದ್ರೆ?"

ಮಗು ಅತ್ತಿತು. ಒಳಗೆ ಹೋದರು. ನನ್ನ ಫೋನನ್ನೂ ತಗೊಂಡೇ ಹೋದರು. ಆಮೇಲೆ ಅಮ್ಮ ಇಸ್ಕೊಂಡು ತಂದುಕೊಟ್ಟಳು. "ಎಂತಾಯ್ತೇ? ಮುಖ ಹಿಂಗಾಗಿದೆ. ಉಣ್ಣು ಮೊದಲು." ಉಣ್ಣಲಾಗಲಿಲ್ಲ. ಕೊನೆ ಬಸ್ಸೂ ಹೋಗಿತ್ತು.

ಏಪ್ರಿಲ್ 6, ಬೆಳಗಿನ ಬಸ್ಸು

ಶಿರಾಳಕೊಪ್ಪ ದಾಟಿತು. ಅಕ್ಷರ ಕುಣಿಯುತ್ತಿದೆ. ಈಗಲೇ ಬೆವರು. ಟ್ಯಾಂಕರ್ ತರಿಸಿದರೆ? ಒಂದು ಎಕರೆಗೆ ಎಷ್ಟು ಟ್ಯಾಂಕರ್... ಲೆಕ್ಕ ಹಾಕಿದೆ. ನಗು ಬರುವಷ್ಟು. ಯಾರದ್ದಾದರೂ ಬೋರ್‌ವೆಲ್? ಹತ್ತಿರದಲ್ಲಿ ಇಲ್ಲ. ಪೈಪು, ಬಕೆಟ್, ಗ್ರಾಫ್, ಎಲ್ಲ ಸರಿಯಾಗಿ ಕೆಲಸ ಮಾಡಿತು. ಬದುವಿನ ಬಾಯಿ ತೆಗೆಯಲು ಒಂದು ಜೊತೆ ಕೈ ಇರಲಿಲ್ಲ, ಅಷ್ಟೇ. ಇದನ್ನು ಡಿಸೈನ್ ಮಾಡುವಾಗ ಯಾರು ಬರೆದುಕೊಳ್ಳುತ್ತಾರೆ?

ನಂಬರ್ ಫೋನಿನಲ್ಲೇ ಇದೆ. ಒತ್ತುವುದಿಲ್ಲ. ಒತ್ತುವುದಿಲ್ಲ.

ಏಪ್ರಿಲ್ 6, ಹನ್ನೊಂದು ಗಂಟೆ. ಹೊಂಗೆ ಮರದ ಕೆಳಗೆ

ನೀರು ಇದೆ.

ಮತ್ತೆ ಬರೆಯುತ್ತೇನೆ: ನೀರು ಇದೆ. ಲೋಕಮ್ಮನ ಗದ್ದೆ ತುಂಬ. ತೆನೆಗಳ ಮೇಲೆ ಬಿಳಿ ಹೂಪುಡಿ, ಬುಡದಲ್ಲಿ ನೀರು. ಓಡಿಹೋಗಿ ಪೈಪು ನೋಡಿದೆ. ನೀರು ಸರಿಯಾಗಿ ಕೆಂಪು ಗೆರೆಯ ತನಕ ಇದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಪೈಪಿನ ಬಾಯಿಗೆ ಕಸ ಬೀಳದಂತೆ ತೆಂಗಿನ ಚಿಪ್ಪು ಬೋರಲು ಹಾಕಿದ್ದಾರೆ.

ಅತ್ತುಬಿಟ್ಟೆ. ಯಾರೂ ಇರಲಿಲ್ಲ, ಚೆನ್ನಾಗಿಯೇ ಅತ್ತೆ.

ಆಮೇಲೆ ಕಣ್ಣೊರೆಸಿಕೊಂಡು ಮೇಲಿನ ಗದ್ದೆ ನೋಡಿದೆ. ಅಲ್ಲಿ ನೀರಿಲ್ಲ. ಹನಿಯೂ ಇಲ್ಲ. ಜೀವಮಾನದಲ್ಲಿ ಒಂದು ದಿನವೂ ನೀರಿಲ್ಲದೆ ಇಟ್ಟಿರಲಾರದ ಗದ್ದೆ, ಬರೀ ಕೆಸರಾಗಿ ಬಿದ್ದುಕೊಂಡಿದೆ. ಬಂದದ್ದು ಅರ್ಧ ದಿನದ ನೀರು. ಎರಡೂ ಗದ್ದೆಗೆ ಸಾಲದು. ತಮ್ಮ ಗದ್ದೆಗೆ ತೆಗೆದುಕೊಂಡದ್ದನ್ನೆಲ್ಲ ಬದು ಕಡಿದು ಇದಕ್ಕೆ ಕೊಟ್ಟಿದ್ದಾರೆ. ಅವರ ಪೈರು ಇಪ್ಪತ್ತು ದಿನ ಹಿಂದೆ, ಇನ್ನೂ ಹೂವಿಲ್ಲ, ಆರಿದರೂ ತಡೆದುಕೊಳ್ಳುತ್ತದೆ. ಆದರೆ ಅದು ತಡೆದುಕೊಳ್ಳುತ್ತದೆ ಅನ್ನುವುದು ಅವರಿಗೆ ಹೇಗೆ ಗೊತ್ತು? ಪೈಪಿನೊಳಗೆ ಒಂದು ಕಣ್ಣು ಮುಚ್ಚಿಕೊಂಡು ನೋಡಿದ್ದರಲ್ಲ.

ಅವರ ಗದ್ದೆಯ ನಡುವಿನಲ್ಲಿ ಏನೋ ನೆಟ್ಟಗೆ ನಿಂತಿದೆ. ಬಿದಿರಿನ ತುಂಡು. ಮೊಳದುದ್ದ.

ನೀರು ಕಂಡ ತಕ್ಷಣ ಲೋಕಮ್ಮನಿಗೆ ಫೋನ್ ಮಾಡಿದೆ. "ಏಡಿ ತೂತು" ಅಂದೆ. ಆ ಕಡೆ ಮೂಗು ಸೀಟಿದ ಸದ್ದು. "ಹೂಂ ತಗಳ್ರಿ. ಏಡಿ ಜಾಸ್ತಿ ಆಗ್ಯಾವೆ ಈ ವರ್ಷ."

ಏಪ್ರಿಲ್ 8

ಬದುವಿನ ಮೇಲೆ ಎದುರುಬದುರಾದೆವು. ಥ್ಯಾಂಕ್ಸ್ ಗಂಟಲಿನ ತನಕ ಬಂತು. ನುಂಗಿದೆ. ಬಿದಿರಿನ ಪ್ರಶ್ನೆ ನಾಲಗೆಯ ತುದಿಯಲ್ಲಿ. ಅದನ್ನೂ ನುಂಗಿದೆ. ಹೊಟ್ಟೆ ತುಂಬಿಹೋಯಿತು.

"ಏನ್ ಬಿಸ್ಲು ಅಲ್ವಾ ಯಜಮಾನ್ರೆ" ಅಂದೆ.

"ದಿಲ್ಲ್ಯಾಗೆ ಇನ್ನೂ ಜಾಸ್ತಿ ಅಂತ್ರಿ" ಅಂದರು. ತಮಾಷೆ ವಾಪಸ್ ಬಂದಿದೆ!

ಮೇ 4

ಲೋಕಮ್ಮನ ಗದ್ದೆ ಕಟಾವು. ಮಷೀನ್ ಒಂದು ಸುತ್ತು ಬಂದ ಮೇಲೆ ಒಂದು ಹಿಡಿ ಭತ್ತ ಉಜ್ಜಿ ಊದಿದೆ. ಜೊಳ್ಳು ಹಾರಬೇಕಲ್ಲ, ಹಾರಲಿಲ್ಲ. ಹೋದ ಸಲಕ್ಕಿಂತ ಒಂದು ಚೀಲ ಹೆಚ್ಚೇ. ಭೀಮಣ್ಣ ಬಂದಿದ್ದ. ಅವನೂ ಉಜ್ಜಿದ, ಊದಿದ. "ತಳಿ ಯಾವ್ದು ಅತ್ತಿಗೆ ಇದು?" ಅಂತ ಮಾತ್ರ ಕೇಳಿದ. ಕೋರಿನ ಮಾತು ಎತ್ತಲಿಲ್ಲ. ಲೋಕಮ್ಮ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು, "ಮಳೆಗಾಲದ ಭತ್ತಕ್ಕೂ ನಾನೇ ಟ್ರ್ಯಾಕ್ಟರ್ ಹೇಳೀನಿ" ಅಂದರು. ಎಷ್ಟು ಮೆಲ್ಲಗೆ ಅಂದರು! ನನಗೆ ಸಿಳ್ಳೆ ಹೊಡೆಯಬೇಕು ಅನ್ನಿಸಿತು.

ಮೇ 5, ಬೆಳಗ್ಗೆ. ಹೊಂಗೆ ಮರ

ಇಲ್ಲೇ ಕೂತಿದ್ದಾಗ ಸುರೇಂದ್ರ ಸರ್ ಫೋನ್. ವರದಿ ನೋಡಿದ್ದಾರೆ. ಖುಷಿ. ಒಂದೇ ಒಂದು ತಕರಾರು.

"ಹೋಲಿಕೆ ಗದ್ದೆಯಲ್ಲಿ ಏಪ್ರಿಲ್‌ನಿಂದ ಮೀಥೇನ್ ಬಿದ್ದುಹೋಗಿದೆಯಲ್ಲ ಸಂಘಮಿತ್ರಾ? ಅದು ನೀರು ನಿಲ್ಲಿಸಿದ ಗದ್ದೆ ಆಗಿರಬೇಕಿತ್ತು. ಈಗ ಯಾವುದಕ್ಕೆ ಹೋಲಿಸೋದು? ಅಲ್ಲಿ ನೀರೆಲ್ಲಿ ಹೋಯ್ತು?"

ಆರಿದ ದಿನಗಳು, ಅಂಕಿಗಳು, ಹೋಲಿಕೆ ಕೆಟ್ಟದ್ದು, ಎಲ್ಲ ಇದ್ದದ್ದು ಇದ್ದ ಹಾಗೆ ವರದಿಯಲ್ಲಿ ಬರೆದಿದ್ದೇನೆ. ಒಂದಕ್ಷರ ತಿದ್ದಿಲ್ಲ. ಮುಂದಿನ ಬೆಳೆಗೆ ಬೇರೆ ಹೋಲಿಕೆ ಗದ್ದೆ ಹುಡುಕಬೇಕು ಅಂತಲೂ ಬರೆದಿದ್ದೇನೆ. ಅವರು ಕೇಳಿದ್ದು ಆ ಒಂದು ಮಾತು ಮಾತ್ರ.

"ಏಡಿ ತೂತು ಸರ್."

"ಏಡಿ?!"

"ಹೌದು ಸರ್. ಈ ಸಾಲಿನಲ್ಲಿ ತುಂಬ ಇವೆ."

ಆ ಕಡೆ ನಿಟ್ಟುಸಿರು. ಫೋನ್ ಇಟ್ಟರು. ನಾನು ಕೆಟ್ಟ ಇಂಜಿನಿಯರ್ ಆದೆನೋ, ಒಳ್ಳೆಯ ನೆರೆಯವಳಾದೆನೋ ಗೊತ್ತಿಲ್ಲ. ಗೊತ್ತಿಲ್ಲ ಅಂತ ಇದು ಒಂದನೇ ಸಲ, ಎರಡನೇ ಸಲ ಹೇಳುವುದಿಲ್ಲ.

ಆ ಬಿದಿರು ಇನ್ನೂ ಅಲ್ಲೇ ಇದೆ. ಉಜ್ಜಪ್ಪನವರ ಪೈರಿಗೂ ಹೂವು ಮುಗಿಯುತ್ತಾ ಬಂತು, ಬುಡದಲ್ಲಿ ಇನ್ನೂ ನೀರು ನಿಲ್ಲಿಸಿದ್ದಾರೆ. ತಿಂಗಳಿಂದ ತಡೆದುಕೊಂಡಿದ್ದೇನೆ, ಒಂದು ಸಲವೂ ಅವರ ಗದ್ದೆಗಿಳಿದು ಇಣುಕಿಲ್ಲ. ಒಳಗಿನ ಗಿಣ್ಣು ಹೇಗೆ ಬಿಡಿಸಿದರು? ತೂತನ್ನು ಕಾಯಿಸಿದ ಕಬ್ಬಿಣದಲ್ಲಿ ಸುಟ್ಟರೋ, ಕೊರೆದರೋ? ಪ್ಲಾಸ್ಟಿಕ್ಕಿಗೆ ಬದಲು ಬಿದಿರಾದರೆ ಈ ಸಾಲಿನ ಎಲ್ಲ ಗದ್ದೆಗೂ... ಕೇಳಬಾರದು. ಅವರಾಗಿ ಹೇಳದೆ ಕೇಳಬಾರದು.

ಬದುವಿನ ಮೇಲೆ ನಿಂತು ಕೈ ಬೀಸುತ್ತಿದ್ದಾರೆ. ನನಗೇನಾ? ಹಿಂದೆ ಯಾರೂ ಇಲ್ಲ.

"ಏ ಇಂಜಿನೇರವ್ವಾ! ಬರಕಂತ ಕುಂದ್ರಬ್ಯಾಡ, ಬಾ ಇಲ್ಲಿ. ಇದ್ರಾಗೆ ಏನೋ ಒಂದು ತಪ್ಪೈತಿ, ನೋಡು ಬಾ—"

ಬಂ